ಜಪಾನನ್ನು ಅರಿಯುವ ಬಗೆ

ಹೊಸಪೇಟೆಯ ಚಿತ್ತವಾಡ್ಗಿಗೂ ಜಪಾನಿಗೂ ನಡುವೆ ಸಾವಿರಾರು ಮೈಲಿಗಳ ಅಂತರವಿದೆ. ಆದರೂ ಈ ಸೀಮೆಗೂ ಆ ದೇಶಕ್ಕೂ ಕಬ್ಬಿಣದ ನಂಟೊಂದು ಬೆಳೆದು ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಜಪಾನು ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಿತು. ಆದರೆ ಅದರ ನೆಲದಲ್ಲಿ ಅದಿರು ತೀರ ವಿರಳ. ಸಂಡೂರಿನ ಬೆಟ್ಟಗಳಲ್ಲಾದರೋ ಅದು ಹೇರಳ. 1977ರಲ್ಲಿ ಆರಂಭವಾದ ದೋಣಿಮಲೈ ಗಣಿಯ ಅದಿರು ರೈಲಿನಲ್ಲಿ ಮದರಾಸು ಬಂದರಿಗೆ ಸಾಗಿ, ಅಲ್ಲಿಂದ ಹಡಗನ್ನೇರಿ ಜಪಾನಿಗೆ ಹೋಗುತ್ತಿತ್ತು. ಕೊಳ್ಳುವ ದೇಶದ ಏಳುಬೀಳು ಅಗೆಯುವವನ ಮನೆಯ ಒಲೆಯನ್ನೂ ಮುಟ್ಟಬಲ್ಲುದು. ಆದುದರಿಂದ ಆ ದೇಶವನ್ನು ಅರಿಯುವುದು ಬರಿಯ ಕುತೂಹಲದ ಮಾತಲ್ಲ.

ಕನ್ನಡ ನಾಡಿನಲ್ಲಿ ಈ ಅರಿವಿನ ಅಗತ್ಯವನ್ನು ಮೊದಲೇ ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ಅವರು 1898ರಲ್ಲಿಯೇ ಜಪಾನಿಗೆ ತೆರಳಿ, ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಣ್ಣಾರೆ ಕಂಡು ಬಂದರು.

ಇಂದು ದೆಹಲಿ ವಿಶ್ವವಿದ್ಯಾನಿಲಯ, ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಮೊದಲಾದೆಡೆ ಜಪಾನನ್ನು ಕುರಿತ ವ್ಯಾಸಂಗಕ್ಕೆ ಅವಕಾಶವಿದೆ. ಇಂತಹ ವ್ಯಾಸಂಗಕ್ಕೆ ಭಾಷೆಯೇ ಹೆಬ್ಬಾಗಿಲು. ಹಿರಗಾನ, ಕಟಕಾನ ಎಂಬ ಎರಡು ಅಕ್ಷರಮಾಲೆಗಳೊಡನೆ ಚೀನಾ ಮೂಲದ ಕಾಂಜಿ ಲಿಪಿಯನ್ನೂ ಕಲಿಯಬೇಕು. ಬಳಿಕ 1868ರ ಮೇಜಿ ಪರಿವರ್ತನೆಯ ಇತಿಹಾಸ. ನೂರಕ್ಕೆ 28ಕ್ಕಿಂತ ಹೆಚ್ಚು ಮಂದಿ 65 ವರ್ಷ ದಾಟಿರುವ ಇಂದಿನ ಸಮಾಜ. ಯುದ್ಧವನ್ನು ತ್ಯಜಿಸಿದ 1947ರ ಸಂವಿಧಾನ. 1952ರಲ್ಲಿ ಭಾರತದೊಡನೆ ಆದ ಶಾಂತಿ ಒಪ್ಪಂದ - ಇವು ಒಂದರೊಡನೊಂದು ಹೆಣೆದುಕೊಂಡ ವಿಷಯಗಳು.

ಅರಿಯುವುದೆಂದರೆ ಹೊಗಳುವುದಲ್ಲ. ಜಪಾನಿನ ಏಳಿಗೆಗೂ ಒಂದು ಬೆಲೆಯಿತ್ತು. ಆಷಿಯೊ ತಾಮ್ರದ ಗಣಿಯ ವಿಷವು ವತಾರಾಸೆ ನದಿಗೆ ಸೇರಿ, ರೈತರ ಗದ್ದೆಗಳನ್ನು ಹಾಳುಮಾಡಿತು. ಜನಪ್ರತಿನಿಧಿಯಾಗಿದ್ದ ತನಾಕಾ ಷೋಜೋ ಅವರು 1901ರಲ್ಲಿ ಚಕ್ರವರ್ತಿಗೇ ನೇರವಾಗಿ ಮನವಿ ಸಲ್ಲಿಸಲು ಮುಂದಾದರು. ಸುಮಾರು ನೂರು ವರ್ಷಗಳ ಬಳಿಕ ಬಳ್ಳಾರಿ ಸೀಮೆಯೂ ಅಂತಹುದೇ ಪ್ರಶ್ನೆಯನ್ನು ಎದುರಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಲ್ಲಿನ ಗಣಿಗಾರಿಕೆಯನ್ನು ತಡೆದು, ಮುಂದೆ ಕಟ್ಟುಪಾಡುಗಳೊಡನೆ ಅನುಮತಿಸಿತು. ನೆಲದ ಸಂಪತ್ತನ್ನು ಎಷ್ಟು ತೆಗೆಯಬೇಕು, ಅದರ ನಷ್ಟವನ್ನು ಯಾರು ಹೊರಬೇಕು ಎಂಬುದು ಎರಡು ನಾಡುಗಳಿಗೂ ಸಮಾನವಾದ ಪ್ರಶ್ನೆ.

ಈ ಅರಿವಿನ ದಾರಿಯಲ್ಲಿ ಆ ಕಡೆಯಿಂದಲೂ ಜನ ಬಂದಿದ್ದಾರೆ. ಜಪಾನಿನ ವಿದ್ವಾಂಸ ನೊಬೊರು ಕರಾಷಿಮಾ ಅವರು ತಮಿಳನ್ನು ಕಲಿತು, ವಿಜಯನಗರ ಕಾಲದ ಶಾಸನಗಳನ್ನು ಓದಿ, ಅಂದಿನ ಸಮಾಜವನ್ನು ಕುರಿತು 1992ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹಂಪಿಯಿಂದ ಆಳಿದ ಅರಸರ ಕಾಲವನ್ನು ಅರಿಯಲು ಜಪಾನೀಯನೊಬ್ಬನು ನಮ್ಮ ನೆರೆಯ ನುಡಿಯನ್ನು ಕಲಿತನು. ಹಂಪಿಯ ಮಗ್ಗುಲಲ್ಲಿ ಬೆಳೆಯುವ ಮಕ್ಕಳು ಜಪಾನಿನ ನುಡಿಯನ್ನು ಕಲಿತರೆ ಆ ಋಣವು ಸಂದಂತಾಗುವುದು.