ನಿವೃತ್ತ ವೀರರ ನಾಡು

ಕಥಾನಾಯಕನನ್ನು ಕೊಲ್ಲದೆ ಕಥೆಯಿಂದ ಬೀಳ್ಕೊಡುವುದೆಂತು? ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದವರಿಗೆ ಇದು ನಿಜವಾದ ಸಂಕಟ. ಅಲ್ಲಿ ಆಟಗಾರನು ತಾನೇ ಒಂದು ಪಾತ್ರವಾಗಿ, ದಾಳವುರುಳಿಸಿ, ಕಲ್ಪಿತ ನಾಡಿನಲ್ಲಿ ಸಾಹಸಗೈಯುತ್ತಾನೆ. ವರ್ಷಗಟ್ಟಲೆ ಸಾಕಿದ ವೀರ ಅಜೇಯನಾದೊಡನೆ ಆಟದ ಕುತೂಹಲವೇ ಅಳಿಯುತ್ತದೆ. ಆದರೂ ಅವನನ್ನು ಬಿಟ್ಟುಕೊಡಲು ಮನಸ್ಸೊಪ್ಪದು.

ಗೈಗ್ಯಾಕ್ಸರ ಮಾಂತ್ರಿಕ ಮಾರ್ಡೆನ್‌ಕೈನನ್, ಅವರ ಮಗ ಅರ್ನೆಸ್ಟ್ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿಸಿ ಹೆಸರಿಟ್ಟ ಟೆನ್ಸರ್—ಇಬ್ಬರೂ ಮರೆಯಾಗಲಿಲ್ಲ. 1978ರ ನಿಯಮಗ್ರಂಥದ ಮಂತ್ರಗಳು ಅವರ ಹೆಸರು ಹೊತ್ತವು. 1980ರಲ್ಲಿ ನಕ್ಷೆಸಹಿತ ಅಚ್ಚಾದ ಗ್ರೇಹಾಕ್ ಲೋಕಕ್ಕೆ ಅವರೇ ಪುರಾಣಪುರುಷರು.

ತ್ರೇತೆಯ ಪರಶುರಾಮ ದ್ವಾಪರದಲ್ಲಿ ಕರ್ಣನಿಗೆ ಗುರುವಾಗಲಿಲ್ಲವೇ? ಹೊಸ ನಾಡು ಕಟ್ಟುವವರು ಹಳೆಯ ವೀರನಿಗೆ ಗುರುಪೀಠವನ್ನೋ ಸಿಂಹಾಸನವನ್ನೋ ನೀಡಲಿ. ಕತ್ತಿ ಮಾತ್ರ ಹೊಸಬನ ಕೈಯಲ್ಲಿರಲಿ.