ಕಡಲಲ್ಲಿ ಮೂಡುವ ನೆಲ, ಕಡಲಲ್ಲೇ ಕರಗುವ ನೆಲ

ಭೂಗೋಳದ ಪಾಠದಲ್ಲಿ "ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ" ಎಂದು ಬಾಯಿಪಾಠ ಮಾಡಿದ್ದೀರಲ್ಲವೆ? ನಾನೂ ಮಾಡಿದ್ದೆ. ಆ ಭೂಭಾಗ ಎಲ್ಲಿಂದ ಬಂತು, ಎಷ್ಟು ದಿನ ಇರುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅಟ್ಲಾಸ್ ತೆರೆದು ಬಂಗಾಳ ಕೊಲ್ಲಿಯ ತಲೆಯ ಭಾಗವನ್ನು ನೋಡಿ. ಭಾರತ ಮತ್ತು ಬಾಂಗ್ಲಾದೇಶಗಳ ಗಡಿಯಲ್ಲಿ ಹರಿಯಭಂಗ ನದಿ ಕಡಲು ಸೇರುತ್ತದೆ. 1970ರ ನವೆಂಬರಿನಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತ ಈ ಕರಾವಳಿಗೆ ಅಪ್ಪಳಿಸಿತು. ಅದಾದ ಕೆಲವು ವರ್ಷಗಳಲ್ಲಿ, 1974ರಲ್ಲಿ, ಅಮೆರಿಕದ ಕೃತಕ ಉಪಗ್ರಹದ ಚಿತ್ರದಲ್ಲಿ ಆ ಅಳಿವೆಯ ಎದುರು ಒಂದು ಪುಟ್ಟ ನೆಲ ಕಾಣಿಸಿತು. ನಮ್ಮವರು ಅದನ್ನು ನ್ಯೂ ಮೂರ್ ಎಂದರು. ಬಾಂಗ್ಲಾದೇಶದವರು ದಕ್ಷಿಣ ತಾಲ್‌ಪಟ್ಟಿ ಎಂದರು. ಎರಡೂ ದೇಶಗಳು ತಮ್ಮದೆಂದು ವಾದಿಸಿದವು. 1981ರಲ್ಲಿ ಭಾರತ ಅಲ್ಲಿ ಧ್ವಜ ಹಾರಿಸಿತು.

ಮನೆಯಿಲ್ಲ, ಮರವಿಲ್ಲ, ಎತ್ತರ ಎರಡು ಮೀಟರ್ ಮೀರದ ಕೆಸರು ದಿಬ್ಬ. ಅದಕ್ಕೇಕೆ ಇಷ್ಟು ಜಗಳ? ಜಗಳ ನೆಲಕ್ಕಲ್ಲ, ನೀರಿಗೆ. ಸಮುದ್ರದ ಗಡಿ ಎಳೆಯುವಾಗ ದಡದ ನೆಲವೇ ಆಧಾರ. ಅಂಗೈಯಗಲದ ದ್ವೀಪದಿಂದ ಸಾವಿರಾರು ಚದರ ಕಿ.ಮೀ. ಕಡಲು, ಅದರ ಮೀನು, ತಳದ ಅನಿಲ ಇತ್ತಲಿನವರದೋ ಅತ್ತಲಿನವರದೋ ಆಗಬಹುದು.

ಈ ವ್ಯಾಜ್ಯವನ್ನು ಮೊದಲು ಇತ್ಯರ್ಥ ಮಾಡಿದ್ದು ಕಡಲೇ. ದ್ವೀಪ ಮುಳುಗಿಹೋಗಿದೆಯೆಂದು 2010ರಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದರು. 2014ರ ಜುಲೈನಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿ ಮಂಡಳಿಯ ತೀರ್ಪು ಬಂದಾಗ, ಗಡಿರೇಖೆಗೆ ಅದನ್ನು ಆಧಾರಬಿಂದುವಾಗಿ ಪರಿಗಣಿಸಲಿಲ್ಲ. ವಿವಾದದಲ್ಲಿದ್ದ ಸುಮಾರು 25,600 ಚದರ ಕಿ.ಮೀ. ಕಡಲಿನಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ ದೊರೆಯಿತು.

ಮೆಕ್ಕಲು ಮಣ್ಣಿನ ದ್ವೀಪದ ಹಣೆಬರಹವೇ ಹೀಗೆ. ನದಿ ತಂದು ಸುರಿದದ್ದನ್ನು ಅಲೆ ಕೆರೆದು ಒಯ್ಯುತ್ತದೆ. ಹಾಗಾದರೆ ಬೆಂಕಿಯಿಂದ ಹುಟ್ಟಿದ ದ್ವೀಪ ಗಟ್ಟಿಯೇ? ಅದೂ ಖಚಿತವಲ್ಲ. 1963ರ ನವೆಂಬರ್ 14ರಂದು ಐಸ್‌ಲೆಂಡಿನ ದಕ್ಷಿಣದಲ್ಲಿ ಮೀನುಗಾರರು ಕಡಲ ಮೇಲೆ ಹೊಗೆ ಕಂಡು, ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆಯೆಂದು ಭಾವಿಸಿ ಸಮೀಪಕ್ಕೆ ಹೋದರು. ಅದು 130 ಮೀಟರ್ ಆಳದಿಂದ ಸಿಡಿಯುತ್ತಿದ್ದ ಜ್ವಾಲಾಮುಖಿ! ಹೀಗೆ ಮೂಡಿದ್ದು ಸುರ್ಟ್ಸೆ ದ್ವೀಪ. ಕಾದ ಶಿಲಾರಸಕ್ಕೆ ತಣ್ಣನೆಯ ನೀರು ತಾಗಿದಾಗ ಅದು ಸಿಡಿದು ಪುಡಿಯಾಗುತ್ತದೆ. ಆ ಬೂದಿಯ ಗುಡ್ಡೆಯನ್ನು ಅಲೆಗಳು ಸುಲಭವಾಗಿ ತಿನ್ನುತ್ತವೆ. ಪಕ್ಕದಲ್ಲೇ ಹುಟ್ಟಿದ ಎರಡು ತಂಗಿ ದ್ವೀಪಗಳು ಕೆಲವೇ ತಿಂಗಳಲ್ಲಿ ಮಾಯವಾದವು. ಸುರ್ಟ್ಸೆ ಮಾತ್ರ ಉಳಿದದ್ದೇಕೆ? ಬೂದಿ ಎತ್ತರಕ್ಕೆ ಬೆಳೆದು, ಜ್ವಾಲಾಮುಖಿಯ ಬಾಯಿಗೆ ಕಡಲ ನೀರು ನುಗ್ಗದಂತಾಯಿತು. ಆಗ ಸಿಡಿತ ನಿಂತು ಲಾವಾ ಹರಿಯತೊಡಗಿತು. ಅದು ಗಟ್ಟಿಯಾಗಿ, ಬೂದಿಗೆ ಕವಚವಾಯಿತು. ಆದರೂ 1967ರಲ್ಲಿ 2.7 ಚದರ ಕಿ.ಮೀ. ಇದ್ದ ದ್ವೀಪ ಇಂದು ಅದರ ಅರ್ಧದಷ್ಟೇ ಉಳಿದಿದೆ.

ಗಟ್ಟಿಯಾದ ಲಾವಾ ಎಷ್ಟು ಬಾಳುತ್ತದೆಂದು ತಿಳಿಯಲು ಐಸ್‌ಲೆಂಡಿಗೇ ಹೋಗಬೇಕಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಬಂಡೆಗಳನ್ನು ನೋಡಿ. ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹರಿದು ತಣಿದ ಲಾವಾ ಅದು.

ಹುಟ್ಟಿಸಿದ ಬೆಂಕಿಯೇ ನುಂಗುವುದೂ ಉಂಟು. ಟೊಂಗಾದಲ್ಲಿ 2014-15ರಲ್ಲಿ ಎದ್ದ ದ್ವೀಪವೊಂದು ಕೆಲವು ತಿಂಗಳಲ್ಲಿ ಕರಗೀತೆಂದು ತಜ್ಞರು ಎಣಿಸಿದ್ದರು. ಅದು ಏಳು ವರ್ಷ ನಿಂತು ಅವರನ್ನು ಬೆರಗುಗೊಳಿಸಿತು. 2022ರ ಜನವರಿ 15ರ ಸ್ಫೋಟದಲ್ಲಿ ಮಾಯವಾಯಿತು.

ಇವೆಲ್ಲ ಜನರಿಲ್ಲದ ದ್ವೀಪಗಳು. ಆದರೆ ಸುಂದರಬನದ ಲೋಹಾಚರದಲ್ಲಿ ಹೊಲವಿತ್ತು, ಮನೆಗಳಿದ್ದವು. ಅದು ಮುಳುಗಿದಾಗ ಜನ ನೆರೆಯ ಸಾಗರ ದ್ವೀಪಕ್ಕೆ ವಲಸೆ ಹೋದರು. ಪಕ್ಕದ ಘೋರಾಮಾರಾ ವರ್ಷ ವರ್ಷವೂ ಕುಗ್ಗುತ್ತಿದೆ. ದಡದ ಕೊರೆತ, ಕುಸಿಯುವ ನೆಲ, ಏರುವ ಕಡಲು ಎಲ್ಲವೂ ಇದಕ್ಕೆ ಕಾರಣ. ಒಂದರ ಮೇಲಷ್ಟೇ ತಪ್ಪು ಹೊರಿಸುವುದು ಸರಿಯಲ್ಲ. 1993ರಿಂದೀಚೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ 10 ಸೆಂ.ಮೀ.ನಷ್ಟು ಏರಿದೆ. ಕಡಿಮೆಯೆನಿಸಿತೆ? ಒಂದೆರಡು ಮೀಟರ್ ಎತ್ತರದ ಊರಿನಲ್ಲಿ ಉಪ್ಪು ನೀರು ಬಾವಿಗೆ, ಗದ್ದೆಗೆ ನುಗ್ಗಲು ಅಷ್ಟು ಸಾಕು.

ಪೆಸಿಫಿಕ್ಕಿನ ತುವಾಲು ದೇಶದ ಕಥೆ ಇನ್ನೂ ವಿಚಿತ್ರ. 1971ರಿಂದ 2014ರವರೆಗಿನ ಚಿತ್ರಗಳನ್ನು ಅಳೆದಾಗ, ಅಲ್ಲಿನ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಿತ್ತು! ಅಲೆಗಳು ಹವಳದ ಚೂರುಗಳನ್ನು ದಡಕ್ಕೆ ತಂದು ಪೇರಿಸಿದ್ದವು. ಹಾಗೆಂದು ತುವಾಲು ನಿಶ್ಚಿಂತವಾಗಿಲ್ಲ. ಅಂತರರಾಷ್ಟ್ರೀಯ ಕಾನೂನಿನಂತೆ, ಪ್ರಕೃತಿಯೇ ರೂಪಿಸಿದ, ಭರತದಲ್ಲೂ ನೀರಿನ ಮೇಲಿರುವ ನೆಲ ಮಾತ್ರ ದ್ವೀಪ. ಮರಳು ಸುರಿದು ಕಟ್ಟಿದ್ದಕ್ಕೆ ಆ ಹಕ್ಕಿಲ್ಲ. ಆದ್ದರಿಂದ ತುವಾಲು 2023ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ, ನೆಲ ಕಳೆದುಹೋದರೂ ದೇಶವಾಗಿ ತಾನು ಮುಂದುವರಿಯುತ್ತೇನೆಂದು ಬರೆದುಕೊಂಡಿದೆ. ಅದೇ ವರ್ಷ ಆಸ್ಟ್ರೇಲಿಯದೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ಅದರಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು.