ಕಚೇರಿ ಗಣಕಜಾಲಕ್ಕೆ ಆ್ಯಂಟಿವೈರಸ್ ತಂತ್ರಾಂಶ

2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶವು ಸುಮಾರು 150 ದೇಶಗಳಿಗೆ ಹರಡಿ, ಗಣಕಯಂತ್ರಗಳ ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಬಿಡುಗಡೆಗೆ ಹಣ ಕೇಳಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಿನಲ್ಲಿಯೇ ಪರಿಹಾರ ಒದಗಿಸಿತ್ತು. ಅದನ್ನು ಅಳವಡಿಸದ ಒಂದು ಯಂತ್ರಕ್ಕೆ ಸೋಂಕು ತಗುಲಿದರೆ ಸಾಕು, ಜಾಲದಲ್ಲಿದ್ದ ಅಂಥದೇ ಇತರ ಯಂತ್ರಗಳಿಗೂ ಅದು ತಾನಾಗಿ ದಾಟುತ್ತಿತ್ತು.

ಆದುದರಿಂದಲೇ ಕಚೇರಿ ಬಳಕೆಯ ಆ್ಯಂಟಿವೈರಸ್‌ನಲ್ಲಿ ಕೇಂದ್ರೀಯ ನಿಯಂತ್ರಣ ವ್ಯವಸ್ಥೆ ಇರುತ್ತದೆ. ಯಾವ ಯಂತ್ರ ನವೀಕರಣಗೊಂಡಿಲ್ಲ, ಯಾವುದರಲ್ಲಿ ‘ನಿಧಾನವಾಗುತ್ತದೆ’ ಎಂದು ಸಿಬ್ಬಂದಿಯೇ ರಕ್ಷಣೆಯನ್ನು ನಿಲ್ಲಿಸಿದ್ದಾರೆ (ಇದು ಅಪರೂಪವೇನಲ್ಲ) ಎಂಬುದು ಒಂದೇ ಪರದೆಯಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಇಲ್ಲದೆ ಅದನ್ನು ನಿಲ್ಲಿಸಲಾಗದಂತೆಯೂ ನಿರ್ಬಂಧಿಸಬಹುದು. ಸೋಂಕಿತ ಯಂತ್ರವನ್ನು ಜಾಲದಿಂದ ಬೇರ್ಪಡಿಸುವ ಸೌಲಭ್ಯವೂ ಹಲವು ತಂತ್ರಾಂಶಗಳಲ್ಲಿದೆ.

ತಿಳಿದ ವೈರಸ್ ಅನ್ನು ಅದರ ಗುರುತಿನಿಂದ ಹಿಡಿಯಲಾಗುತ್ತದೆ. ಹೊಸದಕ್ಕೆ ಅಂಥ ಗುರುತು ಇರುವುದಿಲ್ಲ. ಕ್ಷಣಾರ್ಧದಲ್ಲಿ ನೂರಾರು ಕಡತಗಳನ್ನು ಬದಲಿಸುವಂಥ ವರ್ತನೆಯನ್ನು ಗಮನಿಸಿಯೇ ಅದನ್ನು ತಡೆಯಬೇಕು. ಎರಡೂ ವಿಧಾನಗಳುಳ್ಳ, ಪೆನ್ ಡ್ರೈವ್ ಸೇರಿಸಿದೊಡನೆ ತಪಾಸಣೆ ನಡೆಸುವ ತಂತ್ರಾಂಶವನ್ನೇ ಆರಿಸುವುದು ಸೂಕ್ತ.

ಆದರೆ ವೈರಸ್ ಅನ್ನು ತೆಗೆದ ಮಾತ್ರಕ್ಕೆ ಗೂಢಲಿಪಿಯಾದ ಕಡತವು ಮೊದಲಿನಂತಾಗದು. ತೆರಿಗೆ ವಹಿ, ಕಾಮಗಾರಿ ಬಿಲ್ಲುಗಳ ಪ್ರತಿಯನ್ನು ಜಾಲಕ್ಕೆ ಸೇರದ ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ನಿಯತವಾಗಿ ತೆಗೆದಿರಿಸತಕ್ಕದ್ದು.